ಹದಿನೆಂಟು ಬೈಟಿನ ಊರು

ಮಳೆ ಜೋರು ಹಿಡಿದ ಮೇಲೆ ಶಿರೋಳ ತಾಲೂಕಿನಲ್ಲಿ ಯಾರೂ ಯಾರನ್ನೂ "ಆರಾಮ ಅದೀರಿ?" ಎಂದು ಕೇಳುವುದಿಲ್ಲ. "ಎಷ್ಟ ಫೂಟ ಆತು?" ಎನ್ನುತ್ತಾರೆ. ಯಾವುದು, ಎಲ್ಲಿ ಎಂದು ಬಿಡಿಸಿ ಹೇಳಬೇಕಿಲ್ಲ. ಕೊಲ್ಲಾಪುರದ ರಾಜಾರಾಮ ಬಂಧಾರೆಯಲ್ಲಿ ಪಂಚಗಂಗೆ ಎಷ್ಟಕ್ಕೆ ಬಂದಿದೆ ಎಂಬ ಪ್ರಶ್ನೆ ಅದು. 39 ಅಡಿ ಅಂದರೆ ಇಶಾರಾ ಪಾತಳಿ, ಎಚ್ಚರಿಕೆಯ ಮಟ್ಟ; 43 ಅಂದರೆ ಧೋಕಾ ಪಾತಳಿ, ಅಪಾಯದ ಮಟ್ಟ. ಮನೆಯಲ್ಲಿ ಕನ್ನಡ ಆಡುವವರ ಬಾಯಲ್ಲೂ ಈ ಎರಡು ಮಾತು ಮರಾಠಿಯಲ್ಲೇ ಬರುತ್ತವೆ. 2019ರ ಆಗಸ್ಟಿನಲ್ಲಿ ನೀರು 55 ಅಡಿ ದಾಟಿತು. 2021ರ ಜುಲೈನಲ್ಲಿ 56 ದಾಟಿತು. ಧೋಕೆಯ ಗೆರೆಯ ಮೇಲೆ ಇನ್ನೂ ಹದಿಮೂರು ಅಡಿ ಅಂದರೆ ಒಂದು ಅಂತಸ್ತು ಮುಳುಗಿ ಮೇಲಿನ ಅಂತಸ್ತಿನ ಹೊಸ್ತಿಲು ನೆನೆಯುವಷ್ಟು.

ಯಡ್ರಾವದ ಸೂತಗಿರಣಿಯಲ್ಲಿ ದುಡಿಯುವ ಗೆಳೆಯನೊಬ್ಬ ಹೋದ ವರ್ಷ ನನ್ನನ್ನು ಕೇಳಿದ್ದ: "ಫೋನ್ ಐತಿ, ನೆಟ್ ಐತಿ. ರೀಲ್ಸು, ವಾಟ್ಸಾಪು ಬಿಟ್ಟರ ಮನಷ್ಯಾ ನೋಡುವಂಥಾದ್ದು ಏನರ ಐತೇನ ಅದರಾಗ?" ಪ್ರಶ್ನೆ ಚಿಕ್ಕದು. ಉತ್ತರಕ್ಕೆ ಕೂತಾಗ ತಲೆ ತಿರುಗಿದ್ದು ನನಗೇ. ಅಂಕಿ ಆ ಪರಿ ದೊಡ್ಡವು.

ಮೊದಲು ಅವನಿಗೆ ತೋರಿಸಿದ್ದು ಹೊಳೆಯನ್ನೇ. ಕೇಂದ್ರ ಜಲ ಆಯೋಗ ಪ್ರವಾಹ ಮುನ್ಸೂಚನೆಗೆಂದು ಒಂದು ತಾಣ ನಡೆಸುತ್ತದೆ. ನಕ್ಷೆಯ ಮೇಲೆ ಚುಕ್ಕಿಗಳು. ಚುಕ್ಕಿ ಮುಟ್ಟಿದರೆ ಆ ಜಾಗದ ನೀರಿನ ಮಟ್ಟ. ನಮ್ಮ ಕುರುಂದವಾಡವೂ ಆಯೋಗ ನೀರು ಅಳೆಯುವ ಊರು. ತಾಣದಲ್ಲಿ ಕಾಣುವುದು ಅಡಿಯಲ್ಲ, ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ಮೀಟರು. ಐನೂರು ಚಿಲ್ಲರೆ ಎಂಬ ಅಂಕಿ ಕಂಡು ಗೆಳೆಯ ಒಂದು ಗಳಿಗೆ ಹೌಹಾರಿದ. ನೋಡಬೇಕಾದ್ದು ಅಂಕಿಯನ್ನಲ್ಲ, ಅದರ ಪಕ್ಕದ ಅಪಾಯದ ಮಟ್ಟಕ್ಕೂ ಅದಕ್ಕೂ ಇರುವ ಅಂತರವನ್ನು.

ಈ ಭಾಗದ ಜನ ಒಂದೇ ರಾಜ್ಯದ ತಾಣ ನೋಡಿ ಸುಮ್ಮನಾಗುವಂತಿಲ್ಲ. ಮೇಲೆ ಕೊಯ್ನಾ, ರಾಧಾನಗರಿ ಮಹಾರಾಷ್ಟ್ರದವು. ಕೆಳಗೆ ಆಲಮಟ್ಟಿ ಕರ್ನಾಟಕದ್ದು. ಕೊಯ್ನಾದಲ್ಲಿ 105 ಟಿಎಂಸಿ ಹಿಡಿಯುತ್ತದೆ, ಆಲಮಟ್ಟಿಯಲ್ಲಿ 123. ಹೀಗಾಗಿ ಸಾಂಗ್ಲಿಯ ಇರ್ವಿನ್ ಸೇತುವೆಯ ಅಡಿಯನ್ನು ಒಂದು ಕಡೆ, ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಲಾಶಯ ಪಟ್ಟಿಯನ್ನು ಇನ್ನೊಂದು ಕಡೆ ತೆರೆದಿಟ್ಟುಕೊಂಡು, ಆಲಮಟ್ಟಿಯವರು ಎಷ್ಟು ಬಿಟ್ಟರು ಎಂದು ಅಪರಾತ್ರಿಯಲ್ಲಿ ಲೆಕ್ಕ ಹಾಕುವ ರೈತರು ಇಲ್ಲಿದ್ದಾರೆ.

ಆ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. 2019ರಲ್ಲಿ ಆಲಮಟ್ಟಿಯಿಂದ ಬಿಟ್ಟ ನೀರು 5 ಲಕ್ಷ ಕ್ಯುಸೆಕ್ ದಾಟಿತ್ತು. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲೀಟರು ಮತ್ತು ಸ್ವಲ್ಪ. ಐದು ಲಕ್ಷ ಅಂದರೆ ಸೆಕೆಂಡಿಗೆ 1 ಕೋಟಿ 41 ಲಕ್ಷ ಲೀಟರು. ಬೇಸಿಗೆಯಲ್ಲಿ ಊರಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರು ಇದೆಯಲ್ಲ, ಕೊಡ ಹಿಡಿದು ಸರದಿ ನಿಲ್ಲುತ್ತೇವಲ್ಲ, ಅಂಥವು 1,180. ಒಂದು ಸೆಕೆಂಡಿಗೆ. ನೀವು ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ನೂರಾರು ಟ್ಯಾಂಕರು ಹೋಗಿಬಿಟ್ಟಿರುತ್ತವೆ. ಹಾಗೇ ಒಂದು ದಿನ ಹರಿದರೆ 43 ಟಿಎಂಸಿ. ಮೂರು ದಿನ ತುಂಬುವ ಮೊದಲೇ ಇಡೀ ಆಲಮಟ್ಟಿಯಷ್ಟು ನೀರು ಆಚೆ ಹೋಗಿರುತ್ತದೆ. "ಇಷ್ಟ ಬಿಟ್ಟರೂ ನಮ್ಮಲ್ಲಿ ಇಳೀಲಿಲ್ಲಲ್ಲ" ಎಂದ ಗೆಳೆಯ. ಆ ಜಗಳಕ್ಕೆ ನಾನು ಇಳಿಯಲಿಲ್ಲ. ಎರಡು ರಾಜ್ಯಗಳ ಎಂಜಿನಿಯರುಗಳೇ ಅದನ್ನು ಮುಗಿಸಿಲ್ಲ.

ಈ ಕಡೆಯವರಿಗೆ ದೊಡ್ಡ ಅಂಕಿ ಅಂದರೆ ಹೆದರಿಕೆ ಇಲ್ಲ. ಕಾರಣ ನೂಲು. 40 ಕೌಂಟಿನ ಒಂದು ಕಿಲೋ ನೂಲಿನ ಕೋನು ಅಂಗೈ ಮೇಲೆ ನಿಲ್ಲುತ್ತದೆ. ಬಿಚ್ಚಿದರೆ ಅದರ ಉದ್ದ 67 ಕಿಲೋಮೀಟರು. ಇಚಲಕರಂಜಿಯಿಂದ ಕೊಲ್ಲಾಪುರಕ್ಕೆ ಹೋಗಿ ಬಂದರೂ ದಾರ ಮಿಗುತ್ತದೆ. 1904ರಲ್ಲಿ ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ಕೂರಿಸಿದರು. ಇವತ್ತು ಆ ಊರು, ಅದರ ಮಗ್ಗುಲ ಊರುಗಳು ಎಲ್ಲ ಸೇರಿ ಲಕ್ಷಕ್ಕೂ ಮೇಲೆ ಮಗ್ಗ. ಯಡ್ರಾವದ ಪಾರ್ವತಿ ಇಂಡಸ್ಟ್ರಿಯಲ್ ಎಸ್ಟೇಟಿನ ಹತ್ತಿರ ರಾತ್ರಿ ಹತ್ತಕ್ಕೆ ನಿಂತು ಕೇಳಿ. ಸದ್ದೇ ಗಾಳಿಯಾಗಿ ಬೀಸಿದಂತಿರುತ್ತದೆ.

ಹಾಗಾಗಿ ಆಮೇಲೆ ಅವನಿಗೆ ತೋರಿಸಿದ ಆರ್ಕೈವ್ ಡಾಟ್ ಆರ್ಗ್ ತಾಣ ಎಷ್ಟು ದೊಡ್ಡದು ಎಂದು ಹೇಳಲು ಮಗ್ಗವನ್ನೇ ಅಳತೆಗೋಲು ಮಾಡಿಕೊಂಡೆ. 1996ರಲ್ಲಿ ಬ್ರೂಸ್ಟರ್ ಕೇಲ್ ಎಂಬಾತ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೂಡಿದ ಇಂಟರ್ನೆಟ್ ಆರ್ಕೈವ್ ಇದು. ಈಗ ಹಳೆಯ ಚರ್ಚೊಂದರಲ್ಲಿ ಬಿಡಾರ. ಜಗತ್ತಿನ ಜಾಲತಾಣಗಳ ಪುಟಗಳನ್ನು ದಿನಾ ನಕಲು ಮಾಡಿ ಇಟ್ಟುಕೊಳ್ಳುವುದು ಇದರ ಕಸುಬು. 2025ರ ಅಕ್ಟೋಬರಿನಲ್ಲಿ ಆ ನಕಲುಗಳ ಸಂಖ್ಯೆ ಒಂದು ಲಕ್ಷ ಕೋಟಿ ಮುಟ್ಟಿತು. ಒಂದರ ಮುಂದೆ ಹನ್ನೆರಡು ಸೊನ್ನೆ. ಸರಾಸರಿ ತೆಗೆದರೆ ಇಪ್ಪತ್ತೊಂಬತ್ತು ವರ್ಷ ಎಡೆಬಿಡದೆ ಸೆಕೆಂಡಿಗೆ ಸಾವಿರ ಪುಟದ ಮೇಲೆ.

ಈಗ ಮಗ್ಗಕ್ಕೆ ಬನ್ನಿ. ಲಾಳಿ ಒಮ್ಮೆ ಓಡಿದರೆ ಒಂದು ಹೊಕ್ಕಿನ ಎಳೆ. ನಿಮಿಷಕ್ಕೆ 120 ಪಿಕ್ಕು, ಅಂದರೆ ಸೆಕೆಂಡಿಗೆ ಎರಡು, ಎಂದು ಹಿಡಿಯೋಣ. ಎಳೆಗೊಂದು ಪುಟ ಎಂದು ಒಂದೇ ಮಗ್ಗ ನೇಯುತ್ತ ಹೋದರೆ ಲಕ್ಷ ಕೋಟಿ ಮುಟ್ಟಲು 15,800 ವರ್ಷ ಬೇಕು. ಸುಟ್ಟಿ ಇಲ್ಲ, ಲೈಟು ಹೋಗುವಂತಿಲ್ಲ, ನೂಲು ಹರಿಯುವಂತಿಲ್ಲ. ಇಚಲಕರಂಜಿಯ ಒಂದು ಲಕ್ಷ ಮಗ್ಗಗಳನ್ನೂ ಒಟ್ಟಿಗೆ ಹಚ್ಚಿದರೋ? 58 ದಿನ. ಈ ಎರಡನೆಯ ಉತ್ತರ ಬಂದಾಗ ಗೆಳೆಯನ ಮುಖ ನೋಡಬೇಕಿತ್ತು. ಅವನು ಆಶ್ಚರ್ಯಪಟ್ಟದ್ದು ಆರ್ಕೈವಿಗಲ್ಲ, ತನ್ನ ಊರಿಗೆ.

ಇದೆಲ್ಲ ದಿನಬಳಕೆಗೆ ಏಕೆ ಬೇಕು ಎಂದರೆ, ಜಾಲದ ಪುಟಗಳು ಉಳಿಯುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರ ಲೆಕ್ಕ ಹಾಕಿತ್ತು: 2013ರಲ್ಲಿದ್ದ ಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷದಲ್ಲಿ ಸಿಗದಾಗಿದ್ದವು. ನಿಮ್ಮ ಹಳೆಯ ಫಲಿತಾಂಶ ಪುಟ, ನಿಂತುಹೋದ ಪತ್ರಿಕೆಯ ಲೇಖನ, ಹಿಂಪಡೆದ ಸುತ್ತೋಲೆ ಹುಡುಕುವಾಗ "ಈ ಪುಟ ಸಿಗುತ್ತಿಲ್ಲ" ಎಂದು ಬಂದರೆ, ಆ ವಿಳಾಸವನ್ನು ನಕಲು ಮಾಡಿ ಆರ್ಕೈವಿನ 'ವೇಬ್ಯಾಕ್ ಮಷೀನ್' ಪೆಟ್ಟಿಗೆಯಲ್ಲಿ ಅಂಟಿಸಿ. ಒಂದು ಕ್ಯಾಲೆಂಡರ್ ತೆರೆಯುತ್ತದೆ. ಸುತ್ತು ಹಾಕಿದ ದಿನಾಂಕ ಮುಟ್ಟಿದರೆ ಆ ದಿನ ಆ ಪುಟ ಹೇಗಿತ್ತೋ ಹಾಗೆ. ಎಲ್ಲವೂ ಸಿಗುವುದಿಲ್ಲ, ಸಿಕ್ಕರೆ ತಿಜೋರಿ ಸಿಕ್ಕಂತೆ. ಒಂದು ಪುಟ ಮುಂದೆ ಮಾಯವಾಗಬಹುದು ಅನ್ನಿಸಿದರೆ ಈಗಲೇ ಅಲ್ಲಿ ಉಳಿಸಿಯೂ ಇಡಬಹುದು, ಕಾಸಿಲ್ಲ.

ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಪುಸ್ತಕಗಳು. ಕನ್ನಡದವೂ ರಾಶಿ ರಾಶಿ. ಬೆಂಗಳೂರಿನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಜ್' ಹೆಸರಿನಲ್ಲಿ ಒಂದಷ್ಟು ಜನ ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಹಾಳೆ ಹಾಳೆ ತಿರುವಿ ಸ್ಕ್ಯಾನ್ ಮಾಡಿ ಏರಿಸುತ್ತಿದ್ದಾರೆ. ಶಿರೋಳದವರಿಗೆ ಇದರಲ್ಲಿ ಸ್ವಂತದ ಸಂಬಂಧವಿದೆ. ಇದೇ ತಾಲೂಕಿನ ಖಿದ್ರಾಪುರದ ಕೋಪೇಶ್ವರ ಗುಡಿಗೆ ಹೋದವರು 48 ಕಂಬಗಳ ಸ್ವರ್ಗಮಂಟಪದ ನಡುವಿನ ಬಯಲ ಆಕಾಶ ನೋಡಿ, ಸೆಲ್ಫಿ ತೆಗೆದು ಬರುತ್ತಾರೆ. ಗುಡಿಯಲ್ಲಿ ಕನ್ನಡ ಶಾಸನಗಳಿವೆ, ಓದುವವರು ಕಡಿಮೆ. ಈ ಸೀಮೆ ಆಳಿದ ಕೊಲ್ಲಾಪುರದ ಶಿಲಾಹಾರರ ಶಾಸನಗಳನ್ನು ವಾ. ವಿ. ಮಿರಾಶಿಯವರು ಸಂಪಾದಿಸಿ 1977ರಲ್ಲಿ ಒಂದು ಸಂಪುಟ ತಂದರು. ತೂಕದ ಪುಸ್ತಕ, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಫೋನಿನಲ್ಲಿ ಸಿಗುತ್ತದೆ. ಗುಡಿಯ ಕಟ್ಟೆಯ ಮೇಲೆ ಕೂತು ಓದಬಹುದು. ಇನ್ನು ಬಿ. ಎಲ್. ರೈಸ್ ಹಳೆಯ ಮೈಸೂರು ಸೀಮೆ, ಕೊಡಗಿನಿಂದ ಒಟ್ಟುಮಾಡಿದ ಶಾಸನಗಳು 8,869. ಆ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಳೆಯ ಸಂಪುಟಗಳೂ ಅಲ್ಲಿವೆ. ಎತ್ತಿನ ಗಾಡಿಯ ಕಾಲದಲ್ಲಿ ಕಲ್ಲಿನಿಂದ ಕಲ್ಲಿಗೆ ಅಲೆದು ಮಾಡಿದ ಕೆಲಸ ಅದು.

ಆದರೆ ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ ಅಂಕಿ ಲಕ್ಷ ಕೋಟಿ ಅಲ್ಲ. ಒಂದೂವರೆ ಲಕ್ಷ.

'ಅಲರ್' ಎಂಬ ಕನ್ನಡ–ಇಂಗ್ಲಿಷ್ ನಿಘಂಟಿನ ತಾಣವಿದೆ. ತೆರೆದರೆ ಒಂದು ಪೆಟ್ಟಿಗೆ, ಅಷ್ಟೇ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಜ್ಯೋತಿಷ್ಯದ ಚೌಕಟ್ಟು ಇಲ್ಲ. 1,50,000ಕ್ಕೂ ಹೆಚ್ಚು ಕನ್ನಡ ಪದ, 2,40,000ದಷ್ಟು ಅರ್ಥ. ಈ ಕೆಲಸ ಯಾವ ವಿಶ್ವವಿದ್ಯಾಲಯದ್ದೂ ಅಲ್ಲ, ಸಮಿತಿಯದ್ದೂ ಅಲ್ಲ. ವಿ. ಕೃಷ್ಣ ಎಂಬ ಒಬ್ಬರು ನಾಲ್ಕು ದಶಕ ಕೂತು ಕೂಡಿಸಿದ್ದು. 2019ರಲ್ಲಿ ತಂತ್ರಜ್ಞ ಕೈಲಾಶ್ ನಾಧ್ ಅವರ ಕೈ ಸೇರಿ ಅದು ಜಾಲಕ್ಕೆ ಬಂತು. ಭಾಗಿಸಿ ನೋಡಿ: ನಲವತ್ತು ವರ್ಷಕ್ಕೆ ಒಂದೂವರೆ ಲಕ್ಷ ಪದ ಅಂದರೆ ದಿನಕ್ಕೆ ಹತ್ತು. ಯುಗಾದಿ, ದೀಪಾವಳಿ, ಜ್ವರ, ಮದುವೆ, ಸಾವು ಯಾವುದಕ್ಕೂ ರಜೆ ಹಾಕದೆ ದಿನಕ್ಕೆ ಹತ್ತು ಪದ. ಕಿಟ್ಟೆಲರ 1894ರ ನಿಘಂಟಿನಲ್ಲಿ ಸುಮಾರು 70 ಸಾವಿರ ಪದ ಎನ್ನುತ್ತಾರೆ. ಅದು ಇವತ್ತಿಗೂ ನಮಗೆ ಬೆಟ್ಟ. ಇದು ಅದರ ಎರಡರಷ್ಟು.

ನನಗೆ ಇದು ದಿನಾ ಬೇಕು. ಗಡಿ ಭಾಗದ ಕನ್ನಡ ಬಾಯಿಯಿಂದ ಬಾಯಿಗೆ ಬಂದದ್ದು. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು ಸುಮಾರು 10 ಲಕ್ಷ. ಅವರಲ್ಲಿ ಶಾಲೆಯಲ್ಲಿ ಮರಾಠಿ ಓದಿದವರು ಎಷ್ಟೋ. ಅಂಥವರಿಗೆ ಮಾತು ಬರುತ್ತದೆ, ಬರಹ ತೊಡಕು. ನನ್ನ ಗೆಳೆಯನೂ ಹಾಗೇ. ಕನ್ನಡ ಅಕ್ಷರ ಕೂಡಿಸಿ ಓದುತ್ತಾನೆ. ಅವನಿಗೆ 'ಹೊಕ್ಕು' ಎಂದು ಹುಡುಕಿ ತೋರಿಸಿದೆ. ದಿನಾ ಕೈಯಲ್ಲಿ ಆಡುವ ವಸ್ತುವಿನ ಹೆಸರು ನಿಘಂಟಿನಲ್ಲಿ ಕಂಡು, ತನ್ನ ಮನೆಯ ಫೋಟೊ ಪೇಪರಿನಲ್ಲಿ ಬಂದವನ ಹಾಗೆ ನೋಡಿದ.

ಆ ಜಾಡಿನಲ್ಲೇ 'ವಚನ ಸಂಚಯ'ಕ್ಕೆ ಹೋದೆವು. ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಅವುಗಳ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು, ಇನ್ನೂರಕ್ಕೂ ಹೆಚ್ಚು ವಚನಕಾರರು, ಎಲ್ಲ ಒಂದು ಹುಡುಕು ಪೆಟ್ಟಿಗೆಯ ಹಿಂದೆ. ಪದ ಹಾಕಿದರೆ ಅದು ಬರುವ ವಚನಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಹಿಂದೆ ಸಂಶೋಧಕರು ಚೀಟಿ ಬರೆದು ಬೂಟಿನ ಡಬ್ಬಿಯಲ್ಲಿ ಜೋಡಿಸಿ ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸ. ನೇಯ್ಗೆಯವರಿಗೆ ಒಂದು ಹೆಸರು ಹೇಳುತ್ತೇನೆ, ಜೇಡರ ದಾಸಿಮಯ್ಯ. ನೇಕಾರ. ಮಗ್ಗದ ಊರಿನಲ್ಲಿ ಅವನನ್ನು ಓದದಿದ್ದರೆ ಎಲ್ಲಿ ಓದುವುದು?

ಇನ್ನು ಭೂಮಿ. ಎರಡೂ ರಾಜ್ಯದಲ್ಲಿ ಹೊಲ ಇರುವ ಮನೆಗಳು ಗಡಿಯಲ್ಲಿ ಉಂಟು: ಗಂಡನ ಕಡೆಯದು ಇಲ್ಲಿ, ತವರಿನ ಪಾಲು ಸದಲಗದ ಕಡೆ. ಇಲ್ಲಿಯ ಕಾಗದ ಸಾತ್‌ಬಾರಾ, ಅಲ್ಲಿಯದು ಪಹಣಿ. ಎರಡಕ್ಕೂ ಬಾಯಲ್ಲಿ ಒಂದೇ ಮಾತು, ಉತಾರ. ಸಾತ್‌ಬಾರಾ ಅಂದರೆ ಗ್ರಾಮ ನಮೂನೆ 7 ಮತ್ತು 12: ಏಳರಲ್ಲಿ ಯಾರ ಹೊಲ, ಹನ್ನೆರಡರಲ್ಲಿ ಯಾವ ಪೀಕು. ಕರ್ನಾಟಕದ 'ಭೂಮಿ' ಯೋಜನೆ 2000ದ ಸುಮಾರಿಗೆ ಶುರುವಾದಾಗ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಕಡತಗಳಿಂದ 67 ಲಕ್ಷ ರೈತರ 2 ಕೋಟಿ ದಾಖಲೆ ಕಂಪ್ಯೂಟರಿಗೆ ಹತ್ತಿದವು. ಮಹಾರಾಷ್ಟ್ರದ್ದು 'ಮಹಾಭೂಲೇಖ'. ನೋಡುವುದು ಎರಡರಲ್ಲೂ ಪುಕ್ಕಟೆ. ಒಂದು ಎಚ್ಚರ: ವಿಳಾಸದ ಬಾಲದಲ್ಲಿ 'ಗವ್ ಡಾಟ್ ಇನ್' ಇರಬೇಕು. ಇದೇ ಹೆಸರು, ಇದೇ ಬಣ್ಣದ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೇಲೆ ಬಂದು ಕೂರುತ್ತವೆ. ನಾನೇ ಒಮ್ಮೆ ಅಂಥದ್ದಕ್ಕೆ ದುಡ್ಡು ಕಟ್ಟಿ ಕೈ ಸುಟ್ಟುಕೊಂಡೆ. ಪುಟ ಓದಲು ಬಾರದಿದ್ದರೆ ಗೂಗಲ್ ಅನುವಾದವಿದೆ. ಅದಕ್ಕೆ ಕನ್ನಡ ಬಂದದ್ದು 2011ರಲ್ಲಿ, ಮರಾಠಿ ಎರಡು ವರ್ಷ ತಡವಾಗಿ. ಶಿರೋಳದ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅಜ್ಜಿ ಈ ಎರಡರ ನಡುವೆ ದಿನಕ್ಕೆ ನೂರು ಸಲ ಓಡಾಡುತ್ತಾಳೆ, ತಪ್ಪೂ ಕಡಿಮೆ.

ಕಳ್ಳರ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ಮೇಲೆ ಹೊಗಳಿದ ಆರ್ಕೈವಿಗೇ 2024ರಲ್ಲಿ ಕನ್ನ ಬಿತ್ತು. 3 ಕೋಟಿ 10 ಲಕ್ಷ ಬಳಕೆದಾರರ ವಿವರ ಹೋಯಿತು. ಅದು ಬಯಲಿಗೆ ಬಂದದ್ದು ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಿಂದ ನಡೆಸುವ 'ಹ್ಯಾವ್ ಐ ಬೀನ್ ಪೌನ್ಡ್' ತಾಣದಲ್ಲೂ. ನಿಮ್ಮ ಇಮೇಲ್ ಹಾಕಿದರೆ ಯಾವ ಯಾವ ಕಳವಿನಲ್ಲಿ ಅದು ಸೇರಿದೆ ಎಂದು ಹೇಳುತ್ತದೆ. ಅಲ್ಲಿ ದಾಖಲಾದ ಕದ್ದ ಖಾತೆಗಳು 1,500 ಕೋಟಿಗೂ ಮೇಲೆ. ಭೂಮಿಯ ಮೇಲಿರುವ ಜನವೇ ಎಂಟುನೂರು ಕೋಟಿ ಚಿಲ್ಲರೆ! ತಲೆಗೆ ಎರಡರ ಹತ್ತಿರ. ನನ್ನದು ಸಿಕ್ಕಿತು, ಪಾಸ್‌ವರ್ಡ್ ಬದಲಿಸಿದೆ.

ನಮ್ಮ ದೂರಸಂಪರ್ಕ ಇಲಾಖೆಯ 'ಸಂಚಾರ ಸಾಥಿ' ಇನ್ನೂ ಹತ್ತಿರದ್ದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಓಡುತ್ತಿವೆ ಎಂದು ತೋರಿಸುತ್ತದೆ. ಕಾನೂನಿನ ಮಿತಿ ಒಬ್ಬರಿಗೆ 9. ನಿಮಗೆ ಗೊತ್ತಿಲ್ಲದ ನಂಬರು ಅಲ್ಲಿದ್ದರೆ ಅಲ್ಲೇ ದೂರು ಕೊಡಬಹುದು. ಕಳೆದ ಫೋನನ್ನು ಬಂದ್ ಮಾಡಿಸುವುದೂ ಅಲ್ಲೇ. ದುಡ್ಡೇ ಹೋದರೆ ತಾಣಗೀಣ ಹುಡುಕುತ್ತ ಕೂರಬೇಡಿ, 1930ಕ್ಕೆ ಫೋನ್ ಹಚ್ಚಿ, ಅದೂ ಕೂಡಲೇ.

ಕೊನೆಗೆ ಗೆಳೆಯನಿಗೆ ಮಜಾ ಅನ್ನಿಸಿದ್ದು ನಕ್ಷೆ. ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಸ್ಟೀವ್ ಕೋಸ್ಟ್ ಎಂಬ ಇಂಗ್ಲಿಷ್ ಹುಡುಗ ಶುರು ಮಾಡಿದ್ದು. ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ತಿದ್ದಬಹುದು. ಖಾತೆ ತೆರೆದವರು ಕೋಟಿಗೂ ಹೆಚ್ಚು. ಅವರು ಭೂಮಿಯ ಮೇಲೆ ಗುರುತು ಹಾಕಿದ ಬಿಂದುಗಳು ಒಂಬೈನೂರು ಕೋಟಿ ದಾಟಿವೆ. ಬಾವಿ, ಬಸ್ ಸ್ಟಾಪು, ಹುಣಸೆಮರ, ಮಸಣ, ತಿರುವಿನ ಮೂಲೆ ಪ್ರತಿಯೊಂದೂ ಒಂದು ಬಿಂದು. ಪ್ರವಾಹ, ಭೂಕಂಪ ಬಂದಾಗ ಪರಿಹಾರಕ್ಕೆ ಹೋಗುವವರು ಕೈಯಲ್ಲಿ ಹಿಡಿಯುವ ನಕ್ಷೆಗಳಲ್ಲಿ ಇದೂ ಒಂದು. 2021ರ ಜುಲೈನಲ್ಲಿ ಮುಳುಗಿದ ಗಲ್ಲಿಗಳನ್ನು ನೆನೆದರೆ, ಊರಿನ ಒಳದಾರಿ ಎಲ್ಲಿ ಎತ್ತರ, ಎಲ್ಲಿ ತಗ್ಗು ಎಂದು ಗೊತ್ತಿರುವವರು ಊರವರೇ.

ಶರದ್ ಎಂಜಿನಿಯರಿಂಗ್ ಕಾಲೇಜು ಎಲ್ಲಿ, ತನ್ನ ಗಿರಣಿ ಎಲ್ಲಿ, ಮನೆ ಎಲ್ಲಿ ಎಂದು ಹಿಗ್ಗಿಸಿ ಕುಗ್ಗಿಸಿ ನೋಡಿದ. ಆಮೇಲೆ ನಾನು ಒಳಗಿನ ಪಟ್ಟಿ ತೆಗೆದು ತೋರಿಸಿದೆ. ಪ್ರತಿ ಊರಿನ ಹೆಸರನ್ನೂ ಅಲ್ಲಿ ಭಾಷೆ ಭಾಷೆಗೆ ಬೇರೆ ಬೇರೆ ಸಾಲಿನಲ್ಲಿ ಬರೆಯಲು ಜಾಗವಿದೆ. ಮರಾಠಿಗೊಂದು ಸಾಲು, ಕನ್ನಡಕ್ಕೊಂದು.

"ಬರದರ ಎಷ್ಟ ಜಾಗಾ ತಿಂತೈತಿ?" ಎಂದ. ಗಿರಣಿಯವನು, ತೂಕ ಕೇಳದೆ ಬಿಡುವುದಿಲ್ಲ. ಅದಕ್ಕೂ ಲೆಕ್ಕವಿದೆ. ಜಗತ್ತಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಅಕ್ಷರಚಿಹ್ನೆಗಳಿಗೆ ಮನೆ ಕೊಟ್ಟ ಯೂನಿಕೋಡಿನಲ್ಲಿ ಕನ್ನಡದ ಓಣಿ 128 ಮನೆಗಳದ್ದು. ಪಂಪನಿಂದ ಇವತ್ತಿನ ವಾಟ್ಸಾಪ್ ಫಾರ್ವರ್ಡಿನ ತನಕ ಎಲ್ಲವೂ ಆ ಒಂದು ಓಣಿಯೊಳಗೇ. ಅಲ್ಲಿಯ ಒಂದೊಂದು ಚಿಹ್ನೆಗೂ ಜಾಲದಲ್ಲಿ ಮೂರು ಬೈಟು. ಯಡ್ರಾವ ಎಂದು ಬರೆಯಲು ಯ, ಡ, ವಿರಾಮ, ರ, ದೀರ್ಘ, ವ, ಒಟ್ಟು ಆರು ಚಿಹ್ನೆ. ಆರು ಮೂರಲೆ ಹದಿನೆಂಟು ಬೈಟು.

"ಮರಾಠಿಯಾಗ?"

ಬೆರಳು ಮಡಿಚಿ ಎಣಿಸಿದೆವು. ಅದೇ ಆರು ಚಿಹ್ನೆ. ಹದಿನೆಂಟು.